ಲಕ್ಕುಂಡಿಯಲ್ಲಿ ಉಳಿಯಲು ಮನೆಗಳಿರಲಿ

ಮಾನ್ಯ ಸಂಪಾದಕರೇ,

ಜರ್ಮನಿಯ ಕ್ವೆಡ್ಲಿನ್‌ಬರ್ಗ್ ಪಟ್ಟಣದ ಹಳೆಯ ಭಾಗವು 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ಮರದ ಚೌಕಟ್ಟಿನ ನಡುವೆ ಮಣ್ಣು, ಇಟ್ಟಿಗೆ ತುಂಬಿ ಕಟ್ಟಿದ ಅಲ್ಲಿನ ಕೆಲವು ಮನೆಗಳು ಇಂದು ಸಣ್ಣ ಅತಿಥಿಗೃಹಗಳಾಗಿವೆ. ಮಗನ ಬಳಿಗೆ ಹೋದಾಗ ಅಂಥದ್ದೊಂದರಲ್ಲಿ ತಂಗಿದ್ದೆವು. ಕಿರಿದಾದ ಮರದ ಮೆಟ್ಟಿಲು ಹೆಜ್ಜೆಹೆಜ್ಜೆಗೂ ಕಿರುಗುಟ್ಟುತ್ತಿತ್ತು, ಬಾಗಿಲಲ್ಲಿ ತಲೆ ತಗ್ಗಿಸಬೇಕಿತ್ತು (ನಮ್ಮ ಹಳೆಯ ವಾಡೆಗಳಲ್ಲೂ ಅಷ್ಟೇ), ಬೆಳಗಿನ ಬ್ರೆಡ್ಡು, ಚೀಸು, ಬೇಯಿಸಿದ ಮೊಟ್ಟೆಯನ್ನು ಮನೆಯೊಡತಿಯೇ ತಂದಿಡುತ್ತಿದ್ದರು.

ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವಿರುವ ನಮ್ಮ ಲಕ್ಕುಂಡಿಗೆ ಬಂದ ಬಹುಪಾಲು ಪ್ರವಾಸಿಗರು ಗುಡಿಗಳನ್ನು ಅವಸರದಲ್ಲಿ ನೋಡಿ, ರಾತ್ರಿಗೆ ಹುಬ್ಬಳ್ಳಿ ಇಲ್ಲವೇ ಹೊಸಪೇಟೆಯ ಲಾಡ್ಜ್ ಹಿಡಿಯುತ್ತಾರೆ. ಊರಿನ ಗಟ್ಟಿಮುಟ್ಟಾದ ಹಳೆಯ ಮನೆಗಳಲ್ಲಿ ಒಂದೆರಡು ಕೋಣೆಗಳನ್ನು ಸ್ವಚ್ಛ ಶೌಚಾಲಯದೊಂದಿಗೆ ಸಜ್ಜುಗೊಳಿಸಲು ಪ್ರವಾಸೋದ್ಯಮ ಇಲಾಖೆಯು ಮಾಲೀಕರಿಗೆ ನೆರವಾಗಬೇಕು. ರೊಟ್ಟಿ, ಪಲ್ಲೆಯ ಚಿಂತೆ ಇಲಾಖೆಗೆ ಬೇಡ.

– ಓದುಗ, ಗದಗ