ಬಗ್ಗಿ ಹತ್ತಲೋ, ನಡೆಯಲೋ: ನಿವೃತ್ತ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿವೃತ್ತಿಯ ಮೇಲೆ ವಾರಕ್ಕೆ ಮೂರು ದಿನ ಗಾಲ್ಫ್ ಆಡಬೇಕು ಅಂತ ನಿಶ್ಚಯ ಮಾಡಿದ್ದೀಯ, ಸಂತೋಷ. ಜೊತೆಗಾರರಲ್ಲಿ ಅರ್ಧ ಜನ ‘ಬಗ್ಗಿ (ಕೋರ್ಸಿನಲ್ಲಿ ಕೂತು ಓಡಾಡುವ ಪುಟ್ಟ ಗಾಡಿ) ತಗೋ’ ಅಂತಾರೆ, ಉಳಿದರ್ಧ ‘ನಡೆಯದಿದ್ದರೆ ಅದು ಗಾಲ್ಫೇ ಅಲ್ಲ’ ಅಂತಾರೆ, ಯಾರ ಮಾತು ಕೇಳಲಿ ಅಂತ ಬರೆದಿದ್ದೀಯ. ಅವರೆಲ್ಲ ನಡೆಯುವುದನ್ನೂ ಬ್ಯಾಗ್ ಹೊರುವುದನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದಾರೆ. ಅರವತ್ತು ದಾಟಿದ ಮೈಯನ್ನು ಹೈರಾಣ ಮಾಡುವುದು ಹೆಚ್ಚಾಗಿ ಹೊರುವ ಕೆಲಸ. ನೀನು ನಡಿಗೆ ಉಳಿಸಿಕೋ, ಹೊರೆ ಇಳಿಸು. ಬಗ್ಗಿ ಬೇಡವೇ ಬೇಡ ಅಂತಲ್ಲ, ಅದರ ಅಗತ್ಯವಿರುವ ದಿನ, ಅಗತ್ಯವಿರುವ ಹೋಲ್‌ಗೆ (ಮೊದಲ ಹೊಡೆತದಿಂದ ಚೆಂಡು ಗುಳಿಗೆ ಬೀಳುವವರೆಗಿನ ಒಂದು ಹಂತಕ್ಕೆ) ಹತ್ತು.

ಮೊದಲು ದೂರದ ಲೆಕ್ಕ. ಸ್ಕೋರ್ ಕಾರ್ಡಿನಲ್ಲಿ 6,000 ಗಜ ಅಂತಿದ್ದರೆ ಸುಮಾರು 5.5 ಕಿ.ಮೀ. ಆದರೆ ಅದು ಪ್ರತಿ ಚೆಂಡೂ ಫೇರ್‌ವೇ (ಹುಲ್ಲು ಕತ್ತರಿಸಿದ ಹಾದಿ) ನಡುವೆಯೇ ಬೀಳುವ ಪುಣ್ಯವಂತರಿಗೆ. ಒಂದು ಗ್ರೀನಿನಿಂದ (ಗುಳಿಯಿರುವ ನುಣುಪು ಹುಲ್ಲಿನ ಜಾಗ) ಮುಂದಿನ ಟೀಗೆ (ಮೊದಲ ಹೊಡೆತದ ಜಾಗ) ಹೋಗುವ ದಾರಿ, ಎಡಕ್ಕೊಂದು ಬಲಕ್ಕೊಂದು ಹೋದ ಹೊಡೆತ, ಉದ್ದ ಹುಲ್ಲಿನ ರಫ್‌ನಲ್ಲಿ ಹುಡುಕಾಟ, ಮರಳು ಗುಂಡಿಯ ಬಂಕರಿನ ಸುತ್ತಾಟ ಎಲ್ಲ ಸೇರಿ 18 ಹೋಲ್‌ಗೆ 8ರಿಂದ 10 ಕಿ.ಮೀ. ಆಗುತ್ತದೆ. ನಾಲ್ಕು, ನಾಲ್ಕೂವರೆ ಗಂಟೆಯ ಕೆಲಸ.

ಈಗ ಹೊರೆ. ನಿಯಮದಂತೆ 14 ಕ್ಲಬ್‌ಗಿಂತ (ಚೆಂಡು ಹೊಡೆಯುವ ಕೋಲು) ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಕನಿಷ್ಠ ಇಷ್ಟಿರಲೇಬೇಕು ಅನ್ನುವ ನಿಯಮ ಇಲ್ಲ, ಇದು ಬಹಳ ಜನಕ್ಕೆ ನೆನಪಿಗೇ ಬರುವುದಿಲ್ಲ. ಒಂದು ಡ್ರೈವರ್ ಸುಮಾರು 300 ಗ್ರಾಂ, ಸ್ಟೀಲ್ ಶಾಫ್ಟಿನ ಐರನ್ 400ಕ್ಕೂ ಮೇಲೆ, ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟ್ಟರ್ 500ರ ಆಸುಪಾಸು. ಹದಿನಾಲ್ಕೂ ಸೇರಿದರೆ 5.5ರಿಂದ 6 ಕೆ.ಜಿ. ಕಾಲಿರುವ ಹಗುರ ಬ್ಯಾಗ್ 2 ಕೆ.ಜಿ.ಗೂ ಚೂರು ಹೆಚ್ಚು. ಒಂದು ಡಜನ್ ಚೆಂಡು ಅರ್ಧ ಕೆ.ಜಿ. ದಾಟುತ್ತದೆ, ಒಂದು ಲೀಟರ್ ನೀರು ಒಂದು ಕೆ.ಜಿ. ಛತ್ರಿ, ಮಳೆ ಅಂಗಿ, ಟವೆಲ್, ಹಳೇ ಗ್ಲೌಸು, ಕಳೆದ ವರ್ಷದ ಬಿಸ್ಕತ್ ಪೊಟ್ಟಣ ಎಲ್ಲ ಕೂಡಿ 12 ಕೆ.ಜಿ. ಆಗುವುದು ಗೊತ್ತೇ ಆಗುವುದಿಲ್ಲ. ಇದನ್ನು ನೆಲಕ್ಕಿಟ್ಟು ಮತ್ತೆ ಹೆಗಲಿಗೇರಿಸುವ ಕೆಲಸ ಒಂದು ಸುತ್ತಿನಲ್ಲಿ ಎಪ್ಪತ್ತು ಎಂಬತ್ತು ಸಲ ಬರುತ್ತದೆ. ಸೊಂಟ ಹಿಡಿಯುವುದು ಅಲ್ಲೇ, ನಡಿಗೆಯಿಂದಲ್ಲ. ಒಂದೇ ಪಟ್ಟಿಯ ಬ್ಯಾಗಾದರೆ ಬೆನ್ನು ಒಂದು ಕಡೆ ವಾಲಿಕೊಂಡೇ ಇರುತ್ತದೆ. ಹದಿನಾಲ್ಕನೇ ಹೋಲ್ ಹೊತ್ತಿಗೆ ಕಾಲು ಸೋತು, ಸ್ವಿಂಗ್‌ನಲ್ಲಿ ಭಾರ ಮುಂದಿನ ಕಾಲಿಗೆ ಬಾರದೆ ಹಿಂದೆಯೇ ಉಳಿದು, ಚೆಂಡಿನ ತಲೆ ಮೇಲೆ ಹೊಡೆತ ಬೀಳುತ್ತದೆ. ಆಗ ಎಲ್ಲರೂ ಸ್ವಿಂಗ್ ಕೆಟ್ಟಿತು ಅಂತ ಕೋಚ್ ಹತ್ತಿರ ಓಡುತ್ತಾರೆ. ಕೆಟ್ಟಿದ್ದು ಸ್ವಿಂಗ್ ಅಲ್ಲ, ದಣಿದಿದ್ದು ಕಾಲು.

ಹೊರಲೇಬೇಕೆಂಬ ಹಟವಿದ್ದರೆ ಏಳೇ ಕ್ಲಬ್ ಸಾಕು: 3 ವುಡ್, ಒಂದು ಹೈಬ್ರಿಡ್, 6 ಮತ್ತು 8 ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟ್ಟರ್. ಚೆಂಡು ನಾಲ್ಕು. ಎರಡು ಪಟ್ಟಿಯ ಬ್ಯಾಗ್. ಒಟ್ಟು 6 ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. 9 ಹೋಲ್‌ಗೆ ಇದು ಚೆನ್ನ.

ನನ್ನ ಕೇಳಿದರೆ ಟ್ರಾಲಿಯೇ ಸರಿ, ಅದರಲ್ಲೂ ಮೂರು ಚಕ್ರದ್ದು, ತಳ್ಳುವಂಥದ್ದು. ಎರಡು ಚಕ್ರದ ಎಳೆಯುವ ಟ್ರಾಲಿ ಅಗ್ಗ, ಆದರೆ ಒಂದು ಕೈ ಸದಾ ಬೆನ್ನ ಹಿಂದೆ ಉಳಿದು ಭುಜ ತಿರುಚಿಕೊಳ್ಳುತ್ತದೆ. ಎಳೆಯುವುದೇ ಆದರೆ ಹೋಲ್‌ಗೊಂದು ಸಲ ಕೈ ಬದಲಿಸು. ತಳ್ಳುವ ಟ್ರಾಲಿಯ ಹಿಡಿಕೆ ಹೊಕ್ಕುಳ ಮಟ್ಟಕ್ಕಿರಲಿ, ಮೊಣಕೈ ಕೊಂಚ ಬಾಗಿರಲಿ. ತಗ್ಗಿಸಿದರೆ ಬೆನ್ನು ಬಾಗಿಸಿ ನಡೆಯುತ್ತೀಯ, ಎತ್ತರಿಸಿದರೆ ಭುಜ ಸೆಟೆಯುತ್ತದೆ. ಕೊಳ್ಳುವ ಮುಂಚೆ ಬ್ಯಾಗ್ ಏರಿಸಿ, ಸಮ ನೆಲದಲ್ಲಿ ತಳ್ಳಿ ಕೈ ಬಿಟ್ಟು ನೋಡು. ಹತ್ತು ಹೆಜ್ಜೆ ನೇರ ಹೋಗಬೇಕು. ಒಂದು ಕಡೆಗೆ ಎಳೆದರೆ ಮುಂದಿನ ಚಕ್ರದ ಜೋಡಣೆ ತಪ್ಪಿದೆ. ಹೆಚ್ಚಿನ ಟ್ರಾಲಿಗಳಲ್ಲಿ ಅಲ್ಲೇ ಒಂದು ಸ್ಕ್ರೂ ಇರುತ್ತದೆ, ತಿರುಗಿಸಿ ಸರಿಮಾಡಬಹುದು. ಹಾಗೇ ಬಿಟ್ಟರೆ ನಾಲ್ಕು ಗಂಟೆ ಒಂದೇ ಮಣಿಕಟ್ಟು ಅದನ್ನು ತಿದ್ದುತ್ತಲೇ ಇರುತ್ತದೆ.

ಏರಿನಲ್ಲಿ ನೇರ ತಳ್ಳಬೇಡ, ಓರೆಯಾಗಿ ಹೋಗು. ಇಳಿಜಾರಿನಲ್ಲಿ ಕೈಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೋ. ಹೊಡೆಯಲು ನಿಲ್ಲುವಾಗ ಮೊದಲು ಬ್ರೇಕ್, ಆಮೇಲೆ ಕ್ಲಬ್. ಕೊಳದ ಕಡೆ ಉರುಳಿಹೋದ ಟ್ರಾಲಿಗಳ ಕತೆ ಯಾವ ಕೋರ್ಸಿನಲ್ಲಿ ಕೇಳಿದರೂ ಸಿಗುತ್ತದೆ. ಮಳೆಗಾಲದಲ್ಲಿ ಕೆಸರು ಚಕ್ರಕ್ಕೂ ಚೌಕಟ್ಟಿಗೂ ನಡುವೆ ಗಟ್ಟಿಯಾಗಿ ಅಂಟಿ ಚಕ್ರ ತಿರುಗುವುದೇ ನಿಲ್ಲುತ್ತದೆ, ಹಳೇ ಪಾತ್ರೆ ಬ್ರಷ್ ಒಂದನ್ನು ಬ್ಯಾಗಿಗೆ ಸಿಕ್ಕಿಸಿಡು. ಗ್ರೀನ್ ಮೇಲೆ, ಗ್ರೀನಿಗೂ ಬಂಕರಿಗೂ ನಡುವಿನ ಸಂದಿಯಲ್ಲಿ ಟ್ರಾಲಿ ತರಬೇಡ. ಮುಂದಿನ ಟೀ ಇರುವ ಬದಿಗೆ ನಿಲ್ಲಿಸಿ ಪಟ್ ಮಾಡು, ವಾಪಸ್ ನಡೆಯುವುದು ತಪ್ಪುತ್ತದೆ. ಇನ್ನು ಟ್ರಾಲಿ ಇದ್ದೂ ಸೊಂಟ ಹಿಡಿಸಿಕೊಳ್ಳುವ ಜಾಗ ಅಂದರೆ ಕಾರಿನ ಡಿಕ್ಕಿ. ಮಡಚಿದ ಟ್ರಾಲಿಯೇ 6ರಿಂದ 8 ಕೆ.ಜಿ., ಅದನ್ನೂ ಬ್ಯಾಗನ್ನೂ ಬೇರೆ ಬೇರೆ ಎತ್ತು. ನಾಲ್ಕು ಗಂಟೆ ನಡೆದ ಮೇಲೆ ಎರಡು ನಿಮಿಷ ನಿಂತು, ಮಂಡಿ ಬಗ್ಗಿಸಿ ಎತ್ತು.

ಬ್ಯಾಟರಿ ಟ್ರಾಲಿ ಏರುತಗ್ಗಿನ ಕೋರ್ಸಿಗೆ ಒಳ್ಳೆಯದು. ಆದರೆ ತೂಕ ಹೆಚ್ಚು, ಡಿಕ್ಕಿಗೆ ಎತ್ತುವ ಕಷ್ಟ ನಿನ್ನದೇ. ಕೋರ್ಸಿನಲ್ಲೇ ಲಾಕರ್ ಸಿಕ್ಕರೆ ಮಾತ್ರ ಅದರ ಯೋಚನೆ ಮಾಡು.

ನಮ್ಮಲ್ಲಿ ಇನ್ನೊಂದು ದಾರಿಯಿದೆ, ಅಮೆರಿಕದ ಬಹುತೇಕ ಕೋರ್ಸುಗಳಲ್ಲಿ ಬಗ್ಗಿ ಬಂದಮೇಲೆ ಅದು ಹೆಚ್ಚುಕಮ್ಮಿ ಅಳಿದೇಹೋಯಿತು: ಕ್ಯಾಡಿ, ಅಂದರೆ ಬ್ಯಾಗ್ ಹೊತ್ತು ಜೊತೆಗೆ ಬರುವವರು. ಅವರು ಬ್ಯಾಗ್ ನೋಡಿಕೊಂಡರೆ ನಿನಗೆ ಬರೀ ನಡಿಗೆ. ಮಸುಕಾದ ಕಣ್ಣಿಗೆ ದೂರ ಬಿದ್ದ ಚೆಂಡು ಕಾಣುವುದಿಲ್ಲವಲ್ಲ, ಹುಡುಕುವುದಕ್ಕೆ ನಿಯಮ ಕೊಡುವುದು ಮೂರೇ ನಿಮಿಷ, ಕ್ಯಾಡಿ ಬಿದ್ದ ಜಾಗಕ್ಕೇ ನೇರ ಹೋಗಿ ನಿಂತಿರುತ್ತಾರೆ. ಅವರ ಆಟದ ತಿಳಿವಳಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡ. 2009ರ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು. ಕೋರ್ಸು ಗೊತ್ತುಮಾಡಿದ ದರದ ಮೇಲೆ ನೀರು, ತಿಂಡಿ, ಟಿಪ್ಸ್ ನಿನ್ನ ಲೆಕ್ಕ, ಅದರಲ್ಲಿ ಕೈ ಬಿಗಿ ಮಾಡಬೇಡ. ಅವರಿಗೂ ಪೂರ್ತಿ ಬ್ಯಾಗ್ ಹೊರಿಸುವ ಬದಲು ಟ್ರಾಲಿ ಕೊಡು. ಅವರ ಬೆನ್ನೂ ಬೆನ್ನೇ.

ಲೆಕ್ಕ ಬೇಕು ಅನ್ನುವ ಎಂಜಿನಿಯರ್ ಬುದ್ಧಿ ನಿನ್ನದು, ಅದಕ್ಕೂ ಸ್ವಲ್ಪ. ಅಮೆರಿಕದ ಡೆನ್ವರ್‌ನಲ್ಲಿ ನೀಲ್ ವೊಲ್ಕಾಡಾಫ್ ಎಂಬ ಕ್ರೀಡಾ ವಿಜ್ಞಾನಿ ಎಂಟು ಜನರಿಗೆ ಉಪಕರಣ ಕಟ್ಟಿ 9 ಹೋಲ್ ಆಡಿಸಿ ಅಳೆದರು. ಬ್ಯಾಗ್ ಹೊತ್ತು ನಡೆದಾಗ 721 ಕ್ಯಾಲೊರಿ, ಟ್ರಾಲಿ ತಳ್ಳಿದಾಗ 718, ಕ್ಯಾಡಿ ಇದ್ದಾಗ 613, ಬಗ್ಗಿಯಲ್ಲಿ 411. ಹೊತ್ತರೂ ತಳ್ಳಿದರೂ ವ್ಯಾಯಾಮ ಒಂದೇ, ನೋಡು. ಸ್ಕೋರು? ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಮೇಲು. ಟ್ರಾಲಿಯದು ಎಲ್ಲಕ್ಕಿಂತ ಚೆನ್ನ, ಸರಾಸರಿ 40. ಹೊತ್ತವರದು ಎಲ್ಲಕ್ಕಿಂತ ಕೆಟ್ಟದ್ದು, 45. ಬಗ್ಗಿ 43. ಎಂಟೇ ಜನ ಅನ್ನುವುದನ್ನು ಮರೆಯಬೇಡ, ಆದರೆ ಕೋರ್ಸಿನಲ್ಲಿ ಕಣ್ಣಿಗೆ ಕಾಣುವುದೂ ಇದನ್ನೇ. ಮಂಡಿ ಸವೆದವರನ್ನು ಇಟ್ಟುಕೊಂಡು ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ ಇನ್ನೊಂದು ಸಣ್ಣ ಅಧ್ಯಯನ ಮಂಡಿಸಿದರು. ನಡೆದ ದಿನಕ್ಕೂ ಬಗ್ಗಿಯ ದಿನಕ್ಕೂ ಮಂಡಿ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಹೃದಯಕ್ಕೆ ಸಿಕ್ಕ ವ್ಯಾಯಾಮ ಮಾತ್ರ ನಡೆದಾಗ ಬಹಳ ಹೆಚ್ಚು. ‘ಮಂಡಿ ನೋವು, ಅದಕ್ಕೇ ಬಗ್ಗಿ’ ಅನ್ನುವ ಮುಂಚೆ ಮೂಳೆ ಡಾಕ್ಟರನ್ನು ಒಂದು ಮಾತು ಕೇಳು. ಬಲಗೈ ಆಟಗಾರನ ಎಡ ಮಂಡಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಸ್ವಿಂಗ್ ತಿರುವಿನಲ್ಲಿ. ನಿಲ್ಲುವಾಗ ಎಡ ಪಾದದ ಬೆರಳುಗಳನ್ನು ಗುರಿಯ ಕಡೆಗೆ 20-30 ಡಿಗ್ರಿ ತಿರುಗಿಸಿಟ್ಟರೆ ಆ ತಿರುಚು ಕಡಿಮೆಯಾಗುತ್ತದೆ.

ಹಾಗಾದರೆ ಬಗ್ಗಿ ಯಾವಾಗ? ಏಪ್ರಿಲ್-ಮೇ ಬಿಸಿಲಿನಲ್ಲಿ ಹತ್ತು ಗಂಟೆ ದಾಟಿದ ಸುತ್ತು. ಕೊಡಗಿನ ಬಿಟ್ಟಂಗಾಲದಂಥ ಗುಡ್ಡದ ಕೋರ್ಸು. ಸ್ಟೆಂಟ್ ಹಾಕಿಸಿಕೊಂಡ ಮೇಲೆ, ಮಂಡಿ ಬದಲಿಸಿದ ಮೇಲೆ, ಡಾಕ್ಟರು ಆಡಬಹುದು ಆದರೆ ನಡೆಯಬೇಡಿ ಅಂದಷ್ಟು ದಿನ. ಇವಕ್ಕೆ ನಾಚಿಕೆ ಪಡುವುದೇನೂ ಇಲ್ಲ. ಕಾಲಿನ ರಕ್ತನಾಳದ ಕಾಯಿಲೆಯಿದ್ದ ಕೇಸಿ ಮಾರ್ಟಿನ್ ಎಂಬ ವೃತ್ತಿಪರ ಆಟಗಾರ ಬಗ್ಗಿಗಾಗಿ ವೃತ್ತಿಪರ ಪಂದ್ಯಗಳನ್ನು ನಡೆಸುವ ಪಿಜಿಎ ಟೂರ್ ಜೊತೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋದ. 2001ರಲ್ಲಿ 7-2ರಿಂದ ಅವನ ಪರ ತೀರ್ಪಾಯಿತು, ನಡಿಗೆ ಆಟದ ಜೀವಾಳವಲ್ಲ, ಹೊಡೆತವೇ ಜೀವಾಳ ಅಂತ. ‘ನಡೆಯದಿದ್ದರೆ ಗಾಲ್ಫೇ ಅಲ್ಲ’ ಅನ್ನುವ ನಿನ್ನ ಜೊತೆಗಾರ ಶಾಸ್ತ್ರಿಗಳಿಗೆ ಇದನ್ನು ಹೇಳು.

ಬಗ್ಗಿಯಲ್ಲಿ ಆಡುವುದಕ್ಕೂ ಒಂದು ವಿಧಾನ ಬೇಕು. ಕೂತು ಕೂತು ಸೊಂಟ ಮರಗಟ್ಟಿ, ಇಳಿದ ತಕ್ಷಣ ಪೂರ್ತಿ ಸ್ವಿಂಗ್ ಮಾಡಿದರೆ ಬೆನ್ನಿನ ಸ್ನಾಯು ಹಿಡಿಯುತ್ತದೆ. ಚೆಂಡಿಗೆ 50 ಗಜ ಇರುವಾಗಲೇ ಇಳಿದು ನಡೆ, ದೂರವನ್ನೂ ಗಾಳಿಯನ್ನೂ ನಡೆಯುತ್ತಲೇ ಲೆಕ್ಕ ಹಾಕು. ಬಗ್ಗಿ ಬಿಟ್ಟು ಹೋಗುವಾಗ ಒಂದೇ ಕ್ಲಬ್ ಹಿಡಿದು ಹೋಗಬೇಡ, ಮೂರು ಹಿಡಿ. ಗ್ರೀನ್ ಹತ್ತಿರವಾದರೆ ವೆಜ್ ಜೊತೆಗೆ ಪಟ್ಟರೂ ಇರಲಿ. ಇಬ್ಬರು ಒಂದು ಬಗ್ಗಿ ಹಂಚಿಕೊಂಡರೆ ಇನ್ನೂ ಒಳ್ಳೆಯದು: ಒಂದು ಹೋಲ್ ಒಬ್ಬ ಓಡಿಸಲಿ, ಇನ್ನೊಬ್ಬ ನಡೆಯಲಿ, ಮುಂದಿನದಕ್ಕೆ ಅದಲು ಬದಲು. ಗ್ರೀನಿನಿಂದ ಟೀಗೆ ಉದ್ದ ದಾರಿ, ಕಡಿದಾದ ಏರು ಬಂದಲ್ಲಿ ಇಬ್ಬರೂ ಹತ್ತಿ. ಅರ್ಧ ದುಡ್ಡಿಗೆ ನಾಲ್ಕೈದು ಕಿ.ಮೀ. ನಡಿಗೆ ಸಿಗುತ್ತದೆ.

ಕೋರ್ಸಿನಲ್ಲಿ 90 ಡಿಗ್ರಿ ನಿಯಮ ಅಂತ ಬೋರ್ಡ್ ಹಾಕಿದ್ದರೆ, ನಿನ್ನ ಚೆಂಡಿನ ನೇರಕ್ಕೆ ಬರುವವರೆಗೂ ಬಗ್ಗಿ ದಾರಿಯಲ್ಲೇ ಇರಬೇಕು, ಅಲ್ಲಿಂದ ಅಡ್ಡಕ್ಕೆ ತಿರುಗಿ ಫೇರ್‌ವೇಗೆ ಇಳಿದು, ಹೊಡೆದು, ಬಂದ ದಾರಿಯಲ್ಲೇ ವಾಪಸ್ಸು. ಮಳೆ ಬಿದ್ದು ನೆಲ ಮೆತ್ತಗಾದ ದಿನ ದಾರಿ ಬಿಟ್ಟು ಇಳಿಯಲೇ ಬಿಡುವುದಿಲ್ಲ. ಆ ದಿನ ಬಗ್ಗಿ ತಗೊಂಡರೆ ದುಡ್ಡು ದಂಡ: ಪ್ರತಿ ಹೊಡೆತಕ್ಕೂ ಅಡ್ಡಕ್ಕೆ ಹೋಗಿ ಬಂದು, ನಡೆದವನಿಗಿಂತ ನಿಧಾನ ಆಗುತ್ತೀಯ.

ಅಪಾಯದ ಮಾತೂ ಹೇಳಲೇಬೇಕು. ಬಗ್ಗಿಗೆ ಬಾಗಿಲಿಲ್ಲ, ಹೆಚ್ಚಿನವಕ್ಕೆ ಬೆಲ್ಟೂ ಇಲ್ಲ. ಜೋರಾಗಿ ತಿರುಗಿಸಿದರೆ ಹೊರಬದಿಗೆ ಕೂತವನು ಜಾರಿ ಬೀಳುತ್ತಾನೆ, ನಮ್ಮ ವಯಸ್ಸಿನಲ್ಲಿ ಅದು ಸೊಂಟದ ಮೂಳೆಯ ಮಾತು. ಹೆಚ್ಚಿನ ಬಗ್ಗಿಗಳಲ್ಲಿ ಬ್ರೇಕ್ ಹಿಂದಿನ ಚಕ್ರಗಳಿಗೆ ಮಾತ್ರ ಇರುತ್ತದೆ. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಗಟ್ಟಿಯಾಗಿ ಒತ್ತಿದರೆ ಚಕ್ರ ನಿಂತು ಬಗ್ಗಿ ಜಾರುತ್ತದೆ. ಅಡ್ಡಡ್ಡ ಇಳಿಯಬೇಡ, ನೇರ ಇಳಿ, ಇಳಿಯುವ ಮುಂಚೆಯೇ ವೇಗ ತಗ್ಗಿಸು. ಕಾಲು ಹೊರಗೆ ಚಾಚಿ ಕೂರುವ ಚಾಳಿ ಬಿಡು. ಇಳಿಯುವಾಗ ಪಾರ್ಕಿಂಗ್ ಬ್ರೇಕ್ ಕಟ್ಟೆಂದು ಸದ್ದು ಮಾಡುವವರೆಗೂ ಒತ್ತು.

ನೀನು ಇಷ್ಟು ವರ್ಷ ಕುರ್ಚಿಯಲ್ಲಿ ಕೂತವನು, ಮೊದಲ ವಾರವೇ 18 ಹೋಲ್ ನಡೆಯಲು ಹೋಗಬೇಡ. ಮನೆ ಹತ್ತಿರ ನಿಲ್ಲದೆ 5 ಕಿ.ಮೀ. ನಡೆಯುವುದು ರೂಢಿಯಾಗಲಿ. ಆಮೇಲೆ ಎರಡು ವಾರ ಟ್ರಾಲಿ ಜೊತೆ 9 ಹೋಲ್, ನಂತರ ಎರಡೆರಡು ವಾರಕ್ಕೊಮ್ಮೆ ಮೂರು ಹೋಲ್ ಸೇರಿಸು. ಎಂಟು ವಾರ ಮುಗಿಯುವಷ್ಟರಲ್ಲಿ 18ಕ್ಕೆ ಬರುತ್ತೀಯ. ಏರು ಹತ್ತುವಾಗ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ನಿಧಾನ ಮಾಡು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ನಾಡಿ ಅಷ್ಟಾಗಿ ಏರುವುದಿಲ್ಲ, ಕೈಗಡಿಯಾರ ತೋರಿಸುವ ಅಂಕಿ ನಂಬಿ ಮೋಸ ಹೋಗುತ್ತಾರೆ. ಅವರಿಗೆ ಈ ಮಾತಿನ ಪರೀಕ್ಷೆಯೇ ಗತಿ. ಎದೆ ಬಿಗಿಯಿತು ಅನ್ನಿಸಿದರೆ ಆ ಹೋಲ್ ಮುಗಿಸುವ ಆಸೆಯನ್ನೂ ಬಿಟ್ಟು ಕೂರು, ಕರೆದು ಹೇಳು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತರಹದ ಮಾತ್ರೆ ಇದ್ದರೆ ನಾಲ್ಕು ಗಂಟೆಯ ನಡಿಗೆಯಲ್ಲಿ ಸಕ್ಕರೆ ಕುಸಿಯಬಹುದು. ಶುರುವಿನಲ್ಲಿ ಮತ್ತು 9ನೇ ಹೋಲ್ ಆದಮೇಲೆ ನೋಡಿಕೋ, ಜೇಬಿನಲ್ಲಿ ಗ್ಲೂಕೋಸ್ ಇರಲಿ, ಬ್ಯಾಗಿನಲ್ಲಲ್ಲ. ಕೈ ನಡುಗಿ ಪಟ್ ತಪ್ಪಿದರೆ ಅದು ಅಳುಕೇ ಆಗಿರಬೇಕಿಲ್ಲ. ನೀರು ಬಾಯಾರುವ ಮುಂಚೆ, ಎರಡು ಹೋಲ್‌ಗೆ ಒಂದು ಲೋಟ. ನಡುವೆ ಬಾಳೆಹಣ್ಣು, ಮಜ್ಜಿಗೆ. ಬಿಪಿ ಇದ್ದರೆ ಮಜ್ಜಿಗೆಗೆ ಉಪ್ಪು ಕಡಿಮೆ. ಶೂ ಸಂಜೆ ಹೊತ್ತು ಕೊಳ್ಳು, ಆಗ ಕಾಲು ಊದಿರುತ್ತದೆ, 15ನೇ ಹೋಲ್‌ನಲ್ಲಿ ಹೇಗಿರುತ್ತದೋ ಹಾಗೆ. ಒಂದು ಜೊತೆ ಒಣ ಕಾಲುಚೀಲ ಬ್ಯಾಗಿನಲ್ಲಿರಲಿ.

ಒಂದೊಂದು ಹೋಲ್‌ಗೂ ಹತ್ತಿರದ್ದು, ದೂರದ್ದು ಅಂತ ಹಲವು ಟೀ ಇರುತ್ತವೆ. ಯಾವ ಟೀಯಿಂದ ಆಡಲಿ ಅಂದರೆ, ನಿನ್ನ 5 ಐರನ್ ಹೋಗುವ ದೂರವನ್ನು 36ರಿಂದ ಗುಣಿಸು. 130 ಗಜ ಹೋದರೆ 4,680 ಗಜದ ಕೋರ್ಸು ನಿನ್ನದು. ಇದರಿಂದ ನಡಿಗೆ ಅಷ್ಟೇನೂ ಉಳಿಯುವುದಿಲ್ಲ, ಗ್ರೀನಿನಿಂದ ಮುಂದಿನ ಟೀವರೆಗೆ ಹೇಗೂ ನಡೆಯಬೇಕಲ್ಲ. ಉಳಿಯುವುದು ಹೊಡೆತಗಳು, ಅವು ಉಳಿದರೆ ಹೊತ್ತೂ ಉಳಿಯುತ್ತದೆ. ನಡೆಯುವವರು ತಡ ಮಾಡುತ್ತಾರೆ ಅನ್ನುವ ದೂರು ಅರ್ಧ ಸುಳ್ಳು. ಟ್ರಾಲಿಯ ನಾಲ್ವರು ನಾಲ್ಕು ಚೆಂಡಿಗೆ ನೇರ ಹೋಗುತ್ತಾರೆ, ಬಗ್ಗಿಯ ಇಬ್ಬರು ಒಂದು ಚೆಂಡಿನಿಂದ ಇನ್ನೊಂದಕ್ಕೆ ಒಟ್ಟಿಗೇ ಅಲೆಯುತ್ತಾರೆ.

ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದರೆ ನಡೆಯುವವನಾದರೂ ಬಗ್ಗಿಯವನಾದರೂ ಆಟ ನಿಲ್ಲಿಸು. ಬಗ್ಗಿಯ ಸೂರು ಸಿಡಿಲಿಗೆ ಆಸರೆಯಲ್ಲ, ಮರವೂ ಅಲ್ಲ. ಕ್ಲಬ್ ಹೌಸಿಗೋ ಮುಚ್ಚಿದ ಕಾರಿಗೋ ಸೇರು.

ಟ್ರಾಲಿಯನ್ನು ಈಗಲೇ ಕೊಳ್ಳಬೇಡ. ಮೊದಲ ತಿಂಗಳು ಕೋರ್ಸಿನದ್ದೇ ಬಾಡಿಗೆಗೆ ತಗೊಂಡು ನೋಡು. ನಿನ್ನ ಕಾರಿನ ಡಿಕ್ಕಿಯ ಉದ್ದ, ಅಗಲ, ಎತ್ತರ ಅಳೆದು ಕಳಿಸು, ಸಿಎನ್‌ಜಿ ಸಿಲಿಂಡರ್ ಇದ್ದರೆ ಅದನ್ನೂ ಬರೆ. ಯಾವುದು ಹಿಡಿಸುತ್ತದೆ ಅಂತ ಹೇಳುತ್ತೇನೆ.

ಇಂತಿ ನಿನ್ನ
ಗೆಳೆಯ