ಆ ರಾತ್ರಿ ಫೋನ್ ಯಾಕೆ ಎತ್ತಲಿಲ್ಲ ಅಂದರೆ

ಜರ್ಸಿ ಸಿಟಿ
ಜನವರಿ 2

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ನೀನು ಬರೆದ ಕಾಗದದ ಫೋಟೋವನ್ನು ಅಕ್ಕ ವಾಟ್ಸಾಪಿನಲ್ಲಿ ಕಳಿಸಿದಳು. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಅವರ ಕಾಲಿನ ಗಾಯದ ವಿಷಯ ಬರೆದು ತಿಳಿಸಿದ್ದೀಯ ಅಂತ ಗೊತ್ತಾಯಿತು. ನಾನೂ ಬರೆದೇ ಕಳಿಸುತ್ತೇನೆ. ಅಕ್ಕ ನಿನ್ನನ್ನು ಒಳಗೆ ಕರೆದು ಓದಿ ಹೇಳಲಿ.

ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ ಅಂತ ನಿನಗೆ ಕೋಪ. ನಿಮಗೆ ಅಲ್ಲಿ 31ರ ಬೆಳಗ್ಗೆ, ನನಗೆ ಇಲ್ಲಿ 30ರ ರಾತ್ರಿ. ನಾನು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಫಿಶ್ (Phish) ಅನ್ನುವ ರಾಕ್ ಬ್ಯಾಂಡಿನ ಸಂಗೀತ ಕಚೇರಿ ಕೇಳುತ್ತಿದ್ದೆ. ಅದೇ, 2009ರಲ್ಲಿ ಓದಲು ಬಂದಾಗಿನಿಂದ ನಾನು ಹಚ್ಚಿಕೊಂಡಿರುವ ಬ್ಯಾಂಡ್. ಹೆಸರಿಗೂ ಮೀನಿಗೂ ಸಂಬಂಧವಿಲ್ಲ. ಡ್ರಮ್ಸ್ ಬಾರಿಸುವವರ ಹೆಸರು ಫಿಶ್‌ಮನ್, ಅದರಿಂದ ಬಂದಿದ್ದು ಅನ್ನುತ್ತಾರೆ.

ಒಂದೇ ಬ್ಯಾಂಡನ್ನು ಎಷ್ಟು ಸಲ ನೋಡುತ್ತಾನೆ ಅಂತ ಚಿಕ್ಕಪ್ಪ ಅಂದರಂತೆ. ಇದು ನನಗೆ 27ನೇ ಸಲ. ಚಿಕ್ಕಪ್ಪನಿಗೆ ಹೇಳು, ಒಂದು ರಾತ್ರಿ ಇದ್ದ ಹಾಗೆ ಇನ್ನೊಂದು ರಾತ್ರಿ ಇರುವುದಿಲ್ಲ. ನಾಲ್ಕೇ ಜನ, 1983ರಲ್ಲಿ ವರ್ಮಾಂಟ್‌ನ ಕಾಲೇಜಿನಲ್ಲಿ ಶುರುವಾದದ್ದು. 2017ರಲ್ಲಿ ಇದೇ ಜಾಗದಲ್ಲಿ 13 ರಾತ್ರಿ ನುಡಿಸಿದರು. ಒಂದು ಹಾಡನ್ನೂ ಎರಡನೇ ಸಲ ಹಾಡಲಿಲ್ಲ! ಅದರಲ್ಲಿ ಎರಡು ರಾತ್ರಿ ನಾನಿದ್ದೆ.

ಅವರ ಹಾಡು ರೆಕಾರ್ಡಿನಲ್ಲಿ ಐದಾರು ನಿಮಿಷ ಇದ್ದರೆ ವೇದಿಕೆ ಮೇಲೆ ಇಪ್ಪತ್ತು ನಿಮಿಷ ಆಗಬಹುದು. ಹಾಡು ಮುಗಿಯಿತು ಅನ್ನುವಾಗ ಗಿಟಾರಿನ ಟ್ರೇ ಅನಾಸ್ಟಾಸಿಯೋ ಎಲ್ಲೋ ಒಂದು ಎಳೆ ಹಿಡಿಯುತ್ತಾರೆ. ಉಳಿದ ಮೂವರು ಅದನ್ನು ಕೇಳಿಸಿಕೊಂಡು ಹಿಂದೆ ಹೋಗುತ್ತಾರೆ. ಇದಕ್ಕೆ ಇಲ್ಲಿ ಜ್ಯಾಮ್ ಅನ್ನುತ್ತಾರೆ. ಅಪ್ಪನಿಗೆ ಇಷ್ಟೆಲ್ಲ ವಿವರಣೆ ಬೇಕಿಲ್ಲ. ರುದ್ರಪಟ್ಟಣದ ಸಂಗೀತ ಕಚೇರಿಗಳಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈಗ ಹಾಡುಗಾರರು ಮನೋಧರ್ಮದಿಂದ ಹಾಡುತ್ತಿದ್ದಾರೆ, ಮುಂದೇನು ಅಂತ ಅವರಿಗೂ ಗೊತ್ತಿಲ್ಲ, ಗಮನ ಇಟ್ಟು ಕೇಳು ಅಂತ ಕಲಿಸಿದವರೇ ಅವರು. ಮೊನ್ನೆಯೂ ಎರಡನೇ ಭಾಗದಲ್ಲಿ ಅಷ್ಟು ದೂರ ಹೋಗಿ ಮತ್ತೆ ಹಾಡಿನ ಎತ್ತುಗಡೆಗೆ, ಅಂದರೆ ಹಾಡು ಶುರುವಾಗುವ ಜಾಗಕ್ಕೆ, ಬಂದು ಇಳಿದರು. ಸಾವಿರಾರು ಜನ ಒಟ್ಟಿಗೆ ಕೂಗಿದರು. ನನ್ನ ಕೈ ತನ್ನಷ್ಟಕ್ಕೇ ತೊಡೆ ಮೇಲೆ ತಾಳ ಹಾಕುತ್ತಿತ್ತು. ನನಗೆ ಅಪ್ಪ ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು. ನಿನ್ನ ಫೋನ್ ಬಂದದ್ದು ಆಗಲೇ ಇರಬೇಕು.

ಇಲ್ಲಿ ಜನ ಮೈಕಿನ ಕಂಬ ನೆಟ್ಟು ಕಚೇರಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಬ್ಯಾಂಡಿನವರೇ ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ತೊಡೆ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಕೆಮ್ಮಬೇಡ ಅಂತ ನನಗೆ ಕಣ್ಣು ಬಿಡುತ್ತಿದ್ದ ಅಪ್ಪನೇ ಜ್ಞಾಪಕಕ್ಕೆ ಬಂದರು. ಫಿಶ್‌ಮನ್ ಕೆಲವು ಸಲ ಕಸ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ತಂದು ಅದರ ಕೊಳವೆಗೆ ಬಾಯಿ ಕೊಟ್ಟು ನುಡಿಸುತ್ತಾರೆ. ನಗಬೇಡಿ. ಮೋರ್ಸಿಂಗನ್ನೂ ಬಾಯಲ್ಲಿಟ್ಟೇ ನುಡಿಸುವುದು, ಅಲ್ವಾ?

ನಾನು ಕುಡಿಯಲಿಲ್ಲ, ಸೇದಲಿಲ್ಲ. ಸ್ವೆಟರ್ ಹಾಕಿದ್ದೆ. ಊಟ ಮಾಡಿಕೊಂಡೇ ಹೋಗಿದ್ದೆ. ರೈಲಿನಲ್ಲಿ ಸುರಕ್ಷಿತವಾಗಿ ಮನೆಗೆ ಬಂದೆ.

ಬಂದ ತಕ್ಷಣ ಫೋನ್ ಮಾಡಿದೆನಲ್ಲ, ಅಪ್ಪ ಎತ್ತಿದರು. ಏನಿಲ್ಲ ಕಣೋ, ಕಚೇರಿ ಹೇಗಿತ್ತು ಅಂದರು. ಅರ್ಧ ಗಂಟೆ ಕೇಳಿಸಿಕೊಂಡರು. ಕಾಲಿನ ಮಾತೇ ಎತ್ತಲಿಲ್ಲ. ನಿನ್ನ ಕಾಗದ ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ.

ಅಮ್ಮ, ರಾಗಿ ಕೂಳೆ ಚುಚ್ಚಿದ ಗಾಯ ಮೂರು ವಾರ ಆದರೂ ಮಾಗಿಲ್ಲ ಅಂದರೆ ಅದು ಸಣ್ಣದಲ್ಲ. ನೋವೇ ಇಲ್ಲ ಅನ್ನುತ್ತಾರೆ ಅಂತ ಬರೆದಿದ್ದೀಯ. ನನಗೆ ಭಯ ಆಗಿರುವುದೇ ಅದಕ್ಕೆ. ಶುಗರ್ ಜಾಸ್ತಿ ದಿನ ಇದ್ದರೆ ಪಾದದ ನರ ಜೋಮು ಹಿಡಿಯುತ್ತದೆ, ನೋವು ಗೊತ್ತಾಗುವುದಿಲ್ಲ. ದೊಡ್ಡಮಾವನ ಬೆರಳು ತೆಗೆದದ್ದು ನೆನಪಿದೆ ತಾನೇ? ಅರಿಶಿನ ಮೆತ್ತಿ ಸುಮ್ನೆ ಇರಬೇಡಿ. ಬಿಸಿನೀರಿನಲ್ಲಿ ಕಾಲು ಇಡಿಸಬೇಡ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಕಣಕ್ಕೆ ಬರಿಗಾಲಲ್ಲಿ ಹೋಗುವುದು ಇವತ್ತಿಗೇ ನಿಲ್ಲಲಿ. ಅರಕಲಗೂಡಿನಲ್ಲಿ ಪೌಡರ್ ಹಾಕಿ ಕಳಿಸಿದರಂತೆ, ಅಷ್ಟು ಸಾಲದು. ಭಾವನಿಗೆ ಹೇಳಿ ನಾಳೆಯೇ ಹಾಸನಕ್ಕೆ ಕರೆದುಕೊಂಡು ಹೋಗಿ. ಮೂರು ತಿಂಗಳ ಶುಗರ್ ತೋರಿಸುವ ಟೆಸ್ಟ್ ಮಾಡಿಸಿ. ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ನೋಡಿ ಅಂತ ಬಾಯಿಬಿಟ್ಟು ಕೇಳಿ.

ದುಡ್ಡಿನ ಯೋಚನೆ ಬೇಡ. ಅಕ್ಕನ ಅಕೌಂಟಿಗೆ 40,000 ಹಾಕಿದ್ದೇನೆ. ಸಾಲದಿದ್ದರೆ ಹೇಳು, ನಾನು ಚೆನ್ನಾಗಿದ್ದೇನೆ, ಕೆಲಸವೂ ಚೆನ್ನಾಗಿದೆ, ಯಾವ ತೊಂದರೆಯೂ ಇಲ್ಲ. ಬೇಕಾದರೆ ಯುಗಾದಿ ತನಕ ಕಾಯದೆ ಬಂದುಬಿಡುತ್ತೇನೆ.

ಮೊನ್ನೆಯ ಕಚೇರಿ ನನಗೂ ಕೇಳಿಸು ಅಂತ ಅಪ್ಪ ಅಂದಿದ್ದಾರೆ. ಆಸ್ಪತ್ರೆಗೆ ಹೋಗಿ ಬಂದ ದಿನವೇ ಕಳಿಸುತ್ತೇನೆ, ಅದಕ್ಕೆ ಮೊದಲು ಇಲ್ಲ ಅಂತ ನನ್ನ ಹೆಸರಲ್ಲೇ ಹೇಳು. ಬೈದರೆ ನನ್ನನ್ನು ಬೈಯಲಿ.

ಆಫೀಸಿಗೆ ಹೊತ್ತಾಯಿತು. ಪಾದದ ಫೋಟೋ ಕಳಿಸಲು ಅಕ್ಕನಿಗೆ ಹೇಳು, ಅಂಗಾಲಿನದ್ದೂ ಬೇಕು. ಅಜ್ಜಿಗೆ ನಮಸ್ಕಾರ.

ಇಂತಿ,
ನಿನ್ನ ಮಗ