ಗುಳೆ ಬಂದ ಬಸುರಿಯರ ಪರವಾಗಿ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

37 ವಾರ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಜಿಲ್ಲಾಸ್ಪತ್ರೆಗಳಲ್ಲಿ ಮೈ ಬೆಚ್ಚಗಿಡುವ ವಾರ್ಮರ್‌ಗಳಿವೆ. ಅವು ಬೇಕೇ ಬೇಕು. ಆದರೆ ಹೆರಿಗೆ ಮುಂಚೆ ಆಗುವುದಕ್ಕೆ ಕಾರಣ ಎಷ್ಟೋ ಸಲ ತಿಂಗಳುಗಳ ಹಿಂದೆಯೇ ಬೇರೂರಿರುತ್ತದೆ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರುವ ಬಸುರಿಯರ ವಿಷಯದಲ್ಲಿ ಆ ತಿಂಗಳುಗಳು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಮೂತ್ರದ ಸೋಂಕನ್ನೇ ತೆಗೆದುಕೊಳ್ಳಿ. ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲದಿದ್ದರೆ ಹೆಣ್ಣುಮಕ್ಕಳು ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ, ನೀರನ್ನೂ ಕುಡಿಯುವುದಿಲ್ಲ. ಬಸಿರಲ್ಲಿ ಮೂತ್ರನಾಳ ಸಡಿಲಗೊಂಡು ಮೂತ್ರ ನಿಲ್ಲುವುದರಿಂದ ಸೋಂಕು ಸುಲಭವಾಗಿ ಮೇಲೇರುತ್ತದೆ. ಉರಿ, ಜ್ವರ ಇಲ್ಲದೆಯೂ ಇರಬಹುದು. ಕಿಡ್ನಿಗೆ ತಲುಪಿದರೆ ಏಳನೇ ತಿಂಗಳಿಗೇ ಹೆರಿಗೆ ನೋವು ಶುರುವಾಗಬಹುದು. ಆಲ್ಬುಮಿನ್, ಸಕ್ಕರೆ ನೋಡುವ ಸ್ಟ್ರಿಪ್‌ನಲ್ಲಿ ಇದು ತಿಳಿಯುವುದಿಲ್ಲ. 12ರಿಂದ 16ನೇ ವಾರದೊಳಗೆ ಒಮ್ಮೆ ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಆಗಬೇಕು. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು. ಲ್ಯಾಬಿಗೆ ಕಳಿಸುವುದು ತಡವಾದರೆ ಫ್ರಿಜ್ಜಿನಲ್ಲಿಡಬೇಕು. ಮಧ್ಯಾಹ್ನದವರೆಗೆ ಮೇಜಿನ ಮೇಲಿಟ್ಟ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ವರದಿಯೇ ದಾರಿ ತಪ್ಪಿಸುತ್ತದೆ.

ರಕ್ತಹೀನತೆಯದು ಇನ್ನೊಂದು ಪಾಡು. ಗರ್ಭಿಣಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂ ಇರಬೇಕು. 7ಕ್ಕಿಂತ ಇಳಿದರೆ ಆಸ್ಪತ್ರೆಯಲ್ಲೇ ಚಿಕಿತ್ಸೆ ಆಗಬೇಕು. ಕಬ್ಬಿಣದ ಮಾತ್ರೆ 180 ದಿನ ಕೊಡುತ್ತೇವೆ, ನಿಜ. ಅದನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆಗೋ ಚಹಾದ ಜೊತೆಗೋ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಎರಡು ಮಾತ್ರೆಗಳ ನಡುವೆ ಎರಡು ಗಂಟೆ ಬಿಡಬೇಕೆಂದು ಬಿಡಿಸಿ ಹೇಳುವವರು ಬೇಕು. ಗರ್ಭಿಣಿ, ಬಾಣಂತಿಯರಿಗೆಂದು ಇರುವ ಮಾತೃಪೂರ್ಣ ಯೋಜನೆಯ ಬಿಸಿಯೂಟವಂತೂ ಊರಿನ ಅಂಗನವಾಡಿಯಲ್ಲೇ ಉಳಿಯುತ್ತದೆ.

ಹದಿನೆಂಟು ತುಂಬದ ತಾಯಿ, ಹಿಂದಿನ ಹೆರಿಗೆಯಾಗಿ ಒಂದೂವರೆ ವರ್ಷದೊಳಗೇ ನಿಂತ ಬಸಿರು, ಬಾಯಲ್ಲಿ ತಂಬಾಕು, ದಿನವಿಡೀ ಭಾರ ಹೊರುವ ಕೆಲಸ: ಇವೂ ಅಪಾಯವೇ. ಹಿಂದೊಮ್ಮೆ ದಿನ ತುಂಬದೆ ಹೆತ್ತವಳಿಗಂತೂ ಇನ್ನೂ ಹೆಚ್ಚು. ಮೊದಲ ಭೇಟಿಯಲ್ಲೇ ಇಷ್ಟನ್ನೂ ಕೇಳಿ ತಾಯಿ ಕಾರ್ಡಿನಲ್ಲಿ ಬರೆಯಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ತಪಾಸಣೆಯಲ್ಲಿ ಹೈರಿಸ್ಕ್, ಅಂದರೆ ಹೆಚ್ಚು ಅಪಾಯವಿರುವ, ಗರ್ಭಿಣಿಯ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರೆ. ಆಕೆ ಬಸ್ ಹತ್ತುವ ಮೊದಲು ಊರಿನ ಆಶಾ ಕಾರ್ಯಕರ್ತೆ, ಆಕೆ ಹೋಗುವ ವಾರ್ಡಿನ ಆಶಾಗೆ ಫೋನ್ ಮಾಡಿ ಒಪ್ಪಿಸುವ ನಿಯಮ ಮಾಡಿ. ಎರಡು ತಿಂಗಳ ಮಾತ್ರೆ ಕೈಗೆ ಕೊಡಿಸಿ. ಯಾವ ಊರಿನ ಕಾರ್ಡಾದರೂ ನಗರದ ಅಂಗನವಾಡಿಯಲ್ಲಿ ಊಟ ಸಿಗಲಿ. ಕಾರ್ಮಿಕ ಸಚಿವರ ಜೊತೆ ಕೂತು, ಒಳಗಿಂದ ಚಿಲಕ ಹಾಕಿಕೊಳ್ಳಬಹುದಾದ, ನೀರಿರುವ ಶೌಚಾಲಯ ಯಾವ ಯಾವ ಕಟ್ಟಡದ ಜಾಗದಲ್ಲಿಲ್ಲ ಎಂಬ ಪಟ್ಟಿಯನ್ನು ವಾರ್ಡುವಾರು ತರಿಸಿಕೊಳ್ಳಿ.

ಇಂತಿ,
ತಾಯಿ-ಮಗುವಿನ ಆರೋಗ್ಯ ಸೇವೆಯಲ್ಲಿರುವವರು